ನಮ್ಮ ಊರು ಎಷ್ಟು ಜಿಲ್ಲೆಗಳಲ್ಲಿತ್ತು? – ಆಡಳಿತ ಗಡಿಗಳ ಇತಿಹಾಸ ಕುರಿತ ಮೂರು ಅವಧಿಗಳ ಪಾಠ

ಹಿನ್ನೆಲೆ

ಶಾಲಾ ಇಂಟರ್ನ್‌ಶಿಪ್‌ಗಾಗಿ ನಾನು ಹರಪನಹಳ್ಳಿ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಗೆ ನಿಯೋಜನೆಗೊಂಡಿದ್ದೆ. 9ನೇ ತರಗತಿಗೆ ಕರ್ನಾಟಕ ಏಕೀಕರಣಕ್ಕೆ ಪೂರಕವಾಗಿ ನಮ್ಮದೇ ಪ್ರದೇಶದ ಆಡಳಿತ ಇತಿಹಾಸವನ್ನು ಬೋಧಿಸಬೇಕೆಂದು ಮಾರ್ಗದರ್ಶಕರು ಸೂಚಿಸಿದರು. ನನಗೆ ಸಂತೋಷವಾಯಿತು. ನಾನು ಅದೇ ತಾಲ್ಲೂಕಿನವಳು, ವಿಷಯ ಗೊತ್ತಿದೆ, ಒಂದೇ ಅವಧಿಯಲ್ಲಿ ಮುಗಿಸಬಹುದು ಎಂದುಕೊಂಡೆ.

ಮೊದಲ ಪಾಠ ಕೆಟ್ಟಿತು. ಕಪ್ಪುಹಲಗೆಯ ಮೇಲೆ 1800, 1882, 1953, 1956, 1997, 2018, 2021 ಎಂದು ಬರೆದು ಪ್ರತಿಯೊಂದರ ಎದುರು ಒಂದೊಂದು ವಾಕ್ಯ ಬರೆದೆ. ಮಕ್ಕಳು ನಕಲು ಮಾಡಿಕೊಂಡರು. ಕೊನೆಯಲ್ಲಿ "1997ರಲ್ಲಿ ಏನಾಯಿತು?" ಎಂದು ಕೇಳಿದೆ. "ದಾವಣಗೆರೆ ಜಿಲ್ಲೆ ಆಯ್ತು ಮಿಸ್" ಎಂದು ಇಡೀ ತರಗತಿ ಒಂದೇ ದನಿಯಲ್ಲಿ ಹೇಳಿತು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಆಯ್ತು ಮಿಸ್, ಅದರಿಂದ ನಮಗೇನಾಯ್ತು?" ಎಂದ. ಉಳಿದವರು ನಕ್ಕರು. ಅವನು ತಮಾಷೆಗೆ ಕೇಳಿರಲಿಲ್ಲ. ನನ್ನ ಪಾಠಯೋಜನೆಯಲ್ಲಿ ಆ ಪ್ರಶ್ನೆಗೆ ಉತ್ತರ ಇರಲಿಲ್ಲ. ಅಷ್ಟರಲ್ಲಿ ಗಂಟೆ ಹೊಡೆಯಿತು. ಅವಲೋಕನ ಪುಸ್ತಕದಲ್ಲಿ ಮಾರ್ಗದರ್ಶಕರು "ಇಸವಿಗಳು ಸರಿ ಇವೆ. ಇದರಲ್ಲಿ ಊರು ಎಲ್ಲಿದೆ?" ಎಂದು ಬರೆದಿದ್ದರು.

ಉತ್ತರ ಪಾಠಯೋಜನೆಯಲ್ಲಿ ಇಲ್ಲದಿದ್ದರೂ ನನ್ನ ಮನೆಯಲ್ಲಿತ್ತು. ನನಗಿಂತ ಆರು ವರ್ಷ ದೊಡ್ಡವನಾದ ಅಣ್ಣ ಪದವಿ ಮುಗಿಸಿ ಸರ್ಕಾರಿ ಹುದ್ದೆಗಳಿಗೆ ಅರ್ಜಿ ಹಾಕುತ್ತಿದ್ದ ವರ್ಷಗಳಲ್ಲಿ ನಮ್ಮ ತಾಲ್ಲೂಕು ದಾವಣಗೆರೆ ಜಿಲ್ಲೆಯಲ್ಲಿತ್ತು. ನಮ್ಮ ಹೊಲದ ಬದು ದಾಟಿದರೆ ಆಗಿನ ಕೂಡ್ಲಿಗಿ ತಾಲ್ಲೂಕು, ಅಂದರೆ ಬಳ್ಳಾರಿ ಜಿಲ್ಲೆ. ಬದುವಿನ ಆಚೆಗಿನ ಗೆಳೆಯನಿಗೆ ಸಂವಿಧಾನದ 371ಜೆ ವಿಧಿಯ ಸ್ಥಳೀಯ ಮೀಸಲಾತಿ ಇತ್ತು, ಅಣ್ಣನಿಗೆ ಇರಲಿಲ್ಲ. ತಾಲ್ಲೂಕು ಬಳ್ಳಾರಿಗೆ ಮರಳಿದ ಮೇಲೆ ನನಗೆ ಅರ್ಹತಾ ಪ್ರಮಾಣಪತ್ರ ಸಿಕ್ಕಿತು. "1997ರಲ್ಲಿ ನಮ್ಮನ್ನು ಮಾರಿಬಿಟ್ಟರು" ಎಂದು ಅಣ್ಣ ಈಗಲೂ ಹೇಳುತ್ತಾನೆ. ನಾನೂ ಹಾಗೆಯೇ ನಂಬಿದ್ದೆ. ಪಾಠವನ್ನು ಮೂರು ಅವಧಿಗಳಿಗೆ ಹಿಗ್ಗಿಸಿ ಮತ್ತೆ ಸಿದ್ಧಪಡಿಸುವಾಗ ಆ ನಂಬಿಕೆಯನ್ನೇ ಪರೀಕ್ಷೆಗೆ ಒಡ್ಡಬೇಕಾಯಿತು. ಆ ಅನುಭವವನ್ನು ಪ್ರಶಿಕ್ಷಣಾರ್ಥಿ ಮಿತ್ರರೊಡನೆ ಹಂಚಿಕೊಳ್ಳಲು ಈ ಲೇಖನ.

ಪಾಠದ ವಿವರ

ತರಗತಿ: 9. ವಿಷಯ: ಸಮಾಜ ವಿಜ್ಞಾನ. ಅವಧಿ: ತಲಾ 40 ನಿಮಿಷಗಳ ಮೂರು ಅವಧಿಗಳು.

ಕಲಿಕಾ ಫಲಗಳು: ವಿದ್ಯಾರ್ಥಿಯು
1. ತನ್ನ ತಾಲ್ಲೂಕು ಸೇರಿದ್ದ ಆಡಳಿತ ಘಟಕಗಳನ್ನು ದಾಖಲೆಗಳ ನೆರವಿನಿಂದ ಕಾಲಾನುಕ್ರಮದಲ್ಲಿ ಜೋಡಿಸುವನು.
2. ಪ್ರತಿ ಬದಲಾವಣೆಗೂ ಕಾರಣ ಮತ್ತು ಪರಿಣಾಮಗಳನ್ನು ಬೇರೆಬೇರೆಯಾಗಿ ಗುರುತಿಸುವನು.
3. ಹಿಂದಿನವರು ಕೈಗೊಂಡ ನಿರ್ಧಾರವನ್ನು ಅವರಿಗೆ ಆಗ ಗೊತ್ತಿದ್ದ ಸಂಗತಿಗಳ ಆಧಾರದ ಮೇಲೆ ವಿಮರ್ಶಿಸುವನು.

ಮೊದಲ ಪಾಠದಲ್ಲಿ ಮೂರನೆಯ ಫಲ ಇರಲೇ ಇಲ್ಲ. ಈಗ ನನಗೆ ಅದೇ ಮುಖ್ಯವೆನಿಸುತ್ತದೆ.

ಬೋಧನೋಪಕರಣಗಳು: ಕರ್ನಾಟಕದ ಖಾಲಿ ನಕಾಶೆ, ಐದು ತಾಲ್ಲೂಕುಗಳ ರಟ್ಟಿನ ತುಂಡುಗಳು (ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ), ದಾರ, ಮಕ್ಕಳು ಮನೆಯಿಂದ ತಂದ ಹಳೆಯ ಮದುವೆ ಆಮಂತ್ರಣ ಪತ್ರಿಕೆಗಳು.

ವಿಷಯ ವಿಶ್ಲೇಷಣೆ

ಪಾಠ ಮಾಡುವವರ ಅನುಕೂಲಕ್ಕಾಗಿ ವಿಷಯವನ್ನು ಇಲ್ಲಿ ಸಂಗ್ರಹಿಸಿದ್ದೇನೆ.

ಅ) ಶಾಸನಗಳ ಕಾಲ. ಜಿಲ್ಲೆ, ತಾಲ್ಲೂಕು ಎಂಬ ಹೆಸರುಗಳು ಬರುವ ಮೊದಲೂ ಇಲ್ಲಿ ಆಡಳಿತ ವಿಭಾಗಗಳಿದ್ದವು. ಈ ಸೀಮೆಯ ಬಹುಭಾಗ ನೊಳಂಬವಾಡಿ 32000ಕ್ಕೆ ಸೇರಿತ್ತು. ಅದರೊಳಗೆ ಕೋಗಳಿ 500 ಎಂಬ ನಾಡು ಇತ್ತು. ಆ ನಾಡಿಗೆ ಹೆಸರು ಕೊಟ್ಟ ಕೋಗಳಿ ಇಂದು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಕಲ್ಯಾಣ ಚಾಲುಕ್ಯರ ಅಧೀನದಲ್ಲಿ ನೊಳಂಬವಾಡಿಯನ್ನು ಆಳಿದ ಪಾಂಡ್ಯರ ಕೋಟೆ ಉಚ್ಚಂಗಿದುರ್ಗ ಹರಪನಹಳ್ಳಿ ತಾಲ್ಲೂಕಿನಲ್ಲಿದೆ. ನಾಡಿನ ಹೆಸರಿನ ಮುಂದಿನ ಸಂಖ್ಯೆ ಹಳ್ಳಿಗಳ ಲೆಕ್ಕವೋ ಕಂದಾಯದ ಲೆಕ್ಕವೋ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಮಕ್ಕಳಿಗೂ ಹಾಗೆಯೇ ಹೇಳಬೇಕು. 32000 ಹಳ್ಳಿಗಳಿದ್ದವು ಎಂದು ಖಚಿತವಾಗಿ ಹೇಳಿ ಮುಂದೆ ಹೋಗುವುದು ತಪ್ಪು.

ಆ) ಕಂಪನಿ ಮತ್ತು ಮದ್ರಾಸು. ಟಿಪ್ಪು ಸುಲ್ತಾನನ ರಾಜ್ಯದಿಂದ 1792 ಮತ್ತು 1799ರ ಯುದ್ಧಗಳ ನಂತರ ತನಗೆ ಬಂದಿದ್ದ ಪ್ರದೇಶಗಳನ್ನು ಹೈದರಾಬಾದಿನ ನಿಜಾಮನು 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ಕಂಪನಿಯ ಸೈನ್ಯದ ಖರ್ಚಿಗಾಗಿ ಆದ ವ್ಯವಸ್ಥೆ ಇದು. ಹೀಗೆ ಬಿಟ್ಟುಕೊಟ್ಟ ಸೀಮೆಗೆ ದತ್ತಮಂಡಲವೆಂದು ಹೆಸರಾಯಿತು. ಥಾಮಸ್ ಮನ್ರೋ ಅದರ ಮೊದಲ ಪ್ರಧಾನ ಕಲೆಕ್ಟರ್. 1808ರಲ್ಲಿ ದತ್ತಮಂಡಲವನ್ನು ಬಳ್ಳಾರಿ ಮತ್ತು ಕಡಪ ಎಂದು ಎರಡಾಗಿ ಒಡೆದರು. 1882ರಲ್ಲಿ ಬಳ್ಳಾರಿಯಿಂದ ಅನಂತಪುರ ಬೇರೆಯಾಯಿತು. ಉಳಿದ ಬಳ್ಳಾರಿಯಲ್ಲಿ ಎಂಟು ತಾಲ್ಲೂಕುಗಳಿದ್ದವು: ಆದೋನಿ, ಆಲೂರು, ರಾಯದುರ್ಗ, ಬಳ್ಳಾರಿ, ಹೊಸಪೇಟೆ, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ. ನಮ್ಮ ಐದರಲ್ಲಿ ಮೂರು ಹೆಸರುಗಳು ಅಷ್ಟು ಹಳೆಯವು. ಹಗರಿಬೊಮ್ಮನಹಳ್ಳಿಯಾಗಲಿ ಕೊಟ್ಟೂರಾಗಲಿ ಆ ಪಟ್ಟಿಯಲ್ಲಿಲ್ಲ.

ಇ) ಭಾಷೆಯ ಆಧಾರ. 1952ರ ಡಿಸೆಂಬರಿನಲ್ಲಿ ಪೊಟ್ಟಿ ಶ್ರೀರಾಮುಲು ಉಪವಾಸದಿಂದ ತೀರಿಕೊಂಡ ನಂತರ ಆಂಧ್ರ ರಾಜ್ಯದ ರಚನೆ ನಿಶ್ಚಯವಾಯಿತು. ಬಳ್ಳಾರಿ ತಾಲ್ಲೂಕು ಯಾರದೆಂಬ ವಿವಾದವನ್ನು ನ್ಯಾಯಮೂರ್ತಿ ಮಿಶ್ರಾ ಅವರ ವಿಚಾರಣೆಗೆ ಒಪ್ಪಿಸಲಾಯಿತು. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ, ಸಂಡೂರು, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳು ಮತ್ತು ಮಲ್ಲಾಪುರಂ ಉಪತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿದವು. ಆದ್ದರಿಂದ ನಮ್ಮವರು ಮೈಸೂರು ರಾಜ್ಯಕ್ಕೆ ಬಂದದ್ದು 1956ರಲ್ಲಲ್ಲ, ಅದಕ್ಕೂ ಮೂರು ವರ್ಷ ಮೊದಲು. ಈ ವ್ಯತ್ಯಾಸ ಪರೀಕ್ಷೆಯ ಉತ್ತರಗಳಲ್ಲಿ ಹೆಚ್ಚಾಗಿ ತಪ್ಪಿಹೋಗುತ್ತದೆ.

ವಿಷಯ ಅಲ್ಲಿಗೂ ಮುಗಿಯಲಿಲ್ಲ. 1955ರಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗವು ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ ತಾಲ್ಲೂಕುಗಳನ್ನೂ ಮಲ್ಲಾಪುರಂ ಉಪತಾಲ್ಲೂಕಿನ ಸಣ್ಣ ಭಾಗವನ್ನೂ ಆಂಧ್ರಕ್ಕೆ ಕೊಡಬೇಕೆಂದು ಶಿಫಾರಸು ಮಾಡಿತು. ಅದಕ್ಕೆ ತುಂಗಭದ್ರಾ ಯೋಜನೆ ಮುಖ್ಯ ಕಾರಣವಾಗಿತ್ತು. ಶಿಫಾರಸು ಜಾರಿಗೆ ಬರಲಿಲ್ಲ. 1956ರ ನವೆಂಬರ್ 1ರಂದು ಇಡೀ ಬಳ್ಳಾರಿ ಜಿಲ್ಲೆ ವಿಶಾಲ ಮೈಸೂರು ರಾಜ್ಯದಲ್ಲಿಯೇ ಉಳಿಯಿತು.

ಈ) ಆಡಳಿತ ವಿಕೇಂದ್ರೀಕರಣ. 1997ರಲ್ಲಿ ರಾಜ್ಯದಲ್ಲಿ ಏಳು ಹೊಸ ಜಿಲ್ಲೆಗಳಾದವು. ಅವುಗಳಲ್ಲಿ ದಾವಣಗೆರೆಯೂ ಒಂದು. ಚಿತ್ರದುರ್ಗ ಜಿಲ್ಲೆಯ ಭಾಗದ ಜೊತೆಗೆ ಶಿವಮೊಗ್ಗದಿಂದ ಚನ್ನಗಿರಿ ಮತ್ತು ಹೊನ್ನಾಳಿ, ಬಳ್ಳಾರಿಯಿಂದ ಹರಪನಹಳ್ಳಿ ಅದಕ್ಕೆ ಸೇರಿದವು. 2012ರ ಸಂವಿಧಾನದ 98ನೇ ತಿದ್ದುಪಡಿಯಿಂದ 371ಜೆ ವಿಧಿ ಬಂದಿತು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಿಗೆ ಶಿಕ್ಷಣ ಮತ್ತು ಉದ್ಯೋಗದಲ್ಲಿ ಸ್ಥಳೀಯ ಮೀಸಲಾತಿ, ಅಭಿವೃದ್ಧಿಗೆ ಪ್ರತ್ಯೇಕ ಮಂಡಳಿ ದೊರೆತವು. ದಾವಣಗೆರೆ ಜಿಲ್ಲೆಯಲ್ಲಿದ್ದ ಹರಪನಹಳ್ಳಿ ಹೊರಗುಳಿಯಿತು. ದೀರ್ಘ ಹೋರಾಟದ ಬಳಿಕ, 2018ರಲ್ಲಿ ತಾಲ್ಲೂಕನ್ನು ಬಳ್ಳಾರಿಗೆ ಮರಳಿಸುವ ನಿರ್ಧಾರವಾಯಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಕೂಡ್ಲಿಗಿಯಿಂದ ಕೊಟ್ಟೂರು ಬೇರೆಯಾಗಿ ಹೊಸ ತಾಲ್ಲೂಕಾಯಿತು. 2021ರ ಫೆಬ್ರುವರಿಯಲ್ಲಿ ರಾಜ್ಯದ 31ನೇ ಜಿಲ್ಲೆಯಾದ ವಿಜಯನಗರದ ಅಧಿಸೂಚನೆ ಹೊರಟು, ಅದೇ ವರ್ಷದ ಅಕ್ಟೋಬರ್ 2ರಂದು ಜಿಲ್ಲೆ ಉದ್ಘಾಟನೆಯಾಯಿತು. ಹೊಸಪೇಟೆ ಕೇಂದ್ರವಾಯಿತು. ನಮ್ಮ ಐದು ತಾಲ್ಲೂಕುಗಳು ಅದರ ಜೊತೆಗೆ ಬಂದವು. 371ಜೆ ಸೌಲಭ್ಯ ಹೊಸ ಜಿಲ್ಲೆಗೂ ಮುಂದುವರಿಯಿತು.

ಮೊದಲ ಅವಧಿ: ಮನೆಯ ದಾಖಲೆಗಳು

ಹಿಂದಿನ ದಿನವೇ ಮಕ್ಕಳಿಗೆ ಮನೆಯಲ್ಲಿರುವ ಹಳೆಯ ಮದುವೆ ಆಮಂತ್ರಣಗಳನ್ನು ತರಲು ಹೇಳಿದ್ದೆ. ಆಧಾರ್, ಪಡಿತರ ಚೀಟಿ, ಪಹಣಿ ತರಬಾರದೆಂದು ಸ್ಪಷ್ಟವಾಗಿ ಹೇಳಬೇಕು. ಅವು ಕಳೆದರೆ ಮನೆಯವರಿಗೆ ತೊಂದರೆ. ಅವುಗಳಲ್ಲಿರುವ ವಿವರಗಳನ್ನು ತರಗತಿಯಲ್ಲಿ ಎಲ್ಲರೂ ನೋಡುವುದೂ ಸರಿಯಲ್ಲ. ಲಗ್ನಪತ್ರಿಕೆಗೆ ಈ ತೊಂದರೆಯಿಲ್ಲ. ಅದು ಊರವರೆಲ್ಲ ಓದಲೆಂದೇ ಅಚ್ಚಾದದ್ದು. ಅದರ ಮೇಲೆ ಇಸವಿ ಇರುತ್ತದೆ, ಊರಿನ ಹೆಸರಿನ ಮುಂದೆ ತಾಲ್ಲೂಕು ಮತ್ತು ಜಿಲ್ಲೆ ಇರುತ್ತವೆ.

ಪತ್ರಿಕೆಗಳನ್ನು ಇಸವಿಯ ಪ್ರಕಾರ ದಾರಕ್ಕೆ ಸಿಕ್ಕಿಸಿ ಗೋಡೆಯಿಂದ ಗೋಡೆಗೆ ತೂಗುಹಾಕಿದೆವು. ಮೊದಲಿನವುಗಳಲ್ಲಿ "ಹರಪನಹಳ್ಳಿ ತಾ॥, ಬಳ್ಳಾರಿ ಜಿ॥", ನಡುವೆ "ದಾವಣಗೆರೆ ಜಿ॥", ಅನಂತರ ಮತ್ತೆ ಬಳ್ಳಾರಿ, ಕೊನೆಗೆ "ವಿಜಯನಗರ ಜಿ॥". ಒಂದೇ ಊರು, ಒಂದೇ ದೇವಸ್ಥಾನದ ಮುಂದಿನ ಚಪ್ಪರ. ಹೀಗೆ ನಾನು ಹೇಳುವ ಮೊದಲೇ ಮಕ್ಕಳು ಮೂರು ಬದಲಾವಣೆಗಳನ್ನು ತಾವೇ ಕಂಡುಕೊಂಡರು.

ಹುಡುಗಿಯೊಬ್ಬಳು ಒಂದು ತಪ್ಪು ಪತ್ತೆಮಾಡಿದಳು. ಜಿಲ್ಲೆ ಬದಲಾದ ಮೇಲೆ ಅಚ್ಚಾಗಿದ್ದ ಪತ್ರಿಕೆಯೊಂದರಲ್ಲಿ ಹಳೆಯ ಜಿಲ್ಲೆಯೇ ಇತ್ತು. "ಪ್ರೆಸ್‌ನವರು ಹಳೇ ಅಚ್ಚನ್ನೇ ಇಟ್ಟಿರಬೇಕು" ಎಂದು ಒಬ್ಬಳೆಂದರೆ, "ಬರೆಸಿದ ತಾತನಿಗೆ ಹಳೇದೇ ಬಾಯಿಗೆ ಬಂದಿರಬೇಕು" ಎಂದು ಇನ್ನೊಬ್ಬಳೆಂದಳು. ದಾಖಲೆಯೂ ತಪ್ಪಾಗಬಹುದು, ಆ ತಪ್ಪಿಗೂ ಕಾರಣವಿರುತ್ತದೆ ಎಂಬುದನ್ನು ನಾನು ಪಾಠಯೋಜನೆಯಲ್ಲಿ ಬರೆದಿರಲಿಲ್ಲ. ಅದು ತಾನಾಗಿ ಒದಗಿತು.

ಮನೆಗೆಲಸವಾಗಿ ಒಂದೇ ಪ್ರಶ್ನೆ ಕೊಟ್ಟೆ: ಮನೆಯ ಹಿರಿಯರನ್ನು "ನೀವು ಚಿಕ್ಕವರಿದ್ದಾಗ ದೊಡ್ಡ ಕೆಲಸಕ್ಕೆ ಯಾವ ಊರಿಗೆ ಹೋಗುತ್ತಿದ್ದಿರಿ?" ಎಂದು ಕೇಳಿಕೊಂಡು ಬರಬೇಕು.

ಎರಡನೇ ಅವಧಿ: ರಟ್ಟಿನ ತಾಲ್ಲೂಕುಗಳು

ಮನೆಗೆಲಸದ ಉತ್ತರಗಳು ಪೀಠಿಕೆಯಾದವು. ಕೋರ್ಟಿಗೆ ಬಳ್ಳಾರಿ, ಆಸ್ಪತ್ರೆಗೆ ದಾವಣಗೆರೆ, ಸಂತೆಗೆ ಕೊಟ್ಟೂರು, ಹರಕೆಗೆ ಮೈಲಾರ, ತೇರಿಗೆ ಕೊಟ್ಟೂರು ಇಲ್ಲವೇ ಉಜ್ಜಿನಿ. ಒಂದು ಮನೆಯ ಮುತ್ತಜ್ಜಿ "ಮದ್ರಾಸು ಸರ್ಕಾರ" ಎಂದು ಹೇಳಿದ್ದರಂತೆ. ಮೊಮ್ಮಗನಿಗೆ ಅದು ಅರ್ಥವಾಗದೆ, ಅಜ್ಜಿಗೆ ಮರೆವು ಎಂದುಕೊಂಡು ಪುಸ್ತಕದಲ್ಲಿ ಬರೆದುಕೊಂಡಿರಲಿಲ್ಲ. ಅಜ್ಜಿ ಹೇಳಿದ್ದು ಸರಿ, 1953ಕ್ಕೆ ಮೊದಲು ಹುಟ್ಟಿದ ಇಲ್ಲಿಯವರೆಲ್ಲ ಮದ್ರಾಸಿನ ಆಡಳಿತದಲ್ಲಿ ಹುಟ್ಟಿದವರು ಎಂದಾಗ ತರಗತಿ ನಿಶ್ಶಬ್ದವಾಯಿತು. ಇಸವಿ ಬರೆದ ದಿನ ಸಿಗದ ಗಮನ ಅಂದು ಸಿಕ್ಕಿತು.

ಅನಂತರ ರಟ್ಟಿನ ತುಂಡುಗಳನ್ನು ಹಂಚಿದೆ. ನಾನು ಇಸವಿ ಹೇಳುತ್ತೇನೆ, ಗುಂಪುಗಳು ತಮ್ಮ ತಾಲ್ಲೂಕನ್ನು ಸರಿಯಾದ ಕೇಂದ್ರಕ್ಕೆ ದಾರದಿಂದ ಜೋಡಿಸಬೇಕು. 1882 ಎಂದಾಗ ಕೊಟ್ಟೂರು ಮತ್ತು ಹಗರಿಬೊಮ್ಮನಹಳ್ಳಿಯ ಗುಂಪುಗಳು ಕೈಕಟ್ಟಿ ಕುಳಿತಿರಬೇಕು, ಏಕೆಂದರೆ ಅವು ಇನ್ನೂ ತಾಲ್ಲೂಕುಗಳಾಗಿಲ್ಲ. 1997ರಲ್ಲಿ ಹರಪನಹಳ್ಳಿಯ ದಾರ ಮಾತ್ರ ದಾವಣಗೆರೆಗೆ ಹೋಗಬೇಕು. 2018ರಲ್ಲಿ ಅದು ಹಿಂದಿರುಗಬೇಕು. 2021ರಲ್ಲಿ ಐದೂ ದಾರಗಳು ಹೊಸಪೇಟೆಗೆ ಹೋಗಬೇಕು. ಪ್ರತಿ ಸಲವೂ ದಾರದ ಉದ್ದವನ್ನು ಸ್ಕೇಲಿನಿಂದ ಅಳೆದು ಬರೆಯಲು ಹೇಳಿದೆ.

ಮೂರನೇ ಅವಧಿಯ ಚರ್ಚೆ ಹುಟ್ಟಿದ್ದು ಈ ಅಳತೆಯಿಂದ. ಹರಪನಹಳ್ಳಿಯಿಂದ ದಾವಣಗೆರೆಗೆ 50 ಕಿ.ಮೀ.ಗೂ ಕಡಿಮೆ. ಬಳ್ಳಾರಿಗೆ 100 ಕಿ.ಮೀ.ಗೂ ಹೆಚ್ಚು. ಹೊಸಪೇಟೆ ಎರಡರ ನಡುವೆ ಬರುತ್ತದೆ. ಹಾಗಾದರೆ 1997ರಲ್ಲಿ ದಾರ ಚಿಕ್ಕದಾಗಿತ್ತು. ಹಿಂದಿನ ಬೆಂಚಿನ ಅದೇ ಹುಡುಗ, "ಹಂಗಾದ್ರೆ ಆಗ ಒಳ್ಳೇದೇ ಆಗಿತ್ತಲ್ಲ ಮಿಸ್?" ಎಂದ. ಮನೆಯಲ್ಲಿ ನಾನು ಕೇಳಿಕೊಂಡು ಬೆಳೆದ ಮಾತಿಗೆ ಇದು ನೇರ ವಿರುದ್ಧ. "ನಾಳೆ ಅದನ್ನೇ ಚರ್ಚೆ ಮಾಡೋಣ" ಎಂದೆ. ನನಗೂ ಒಂದು ರಾತ್ರಿ ಬೇಕಿತ್ತು.

ಅವಧಿಯ ಕೊನೆಯ ಐದು ನಿಮಿಷ ಜಪಾನಿನ ಉದಾಹರಣೆಗೆ ಕೊಟ್ಟೆ. ಹೀಗೆ ಹೆಸರು ಬದಲಾಗುವುದು ನಮ್ಮ ಸೀಮೆಯಲ್ಲಿ ಮಾತ್ರವೋ ಎಂಬ ಪ್ರಶ್ನೆಯನ್ನು ಮಕ್ಕಳೇ ಎತ್ತಿದ್ದರು. ಜಪಾನಿನಲ್ಲಿ ಸಾವಿರ ವರ್ಷಕ್ಕೂ ಹಳೆಯ, ಅರವತ್ತಕ್ಕೂ ಹೆಚ್ಚು ಪ್ರಾಂತ್ಯಗಳಿದ್ದವು. ನಮ್ಮ ನೊಳಂಬವಾಡಿಯಂತೆ ಅವೂ ಹಳೆಯ ನಾಡುಗಳು. 1871ರಲ್ಲಿ ಮೆಯಿಜಿ ಸರ್ಕಾರ ಪಾಳೆಯಗಾರರಂಥ ಒಡೆಯರ ಸಂಸ್ಥಾನಗಳನ್ನು ರದ್ದುಮಾಡಿ ಕೇಂದ್ರದ ಅಧೀನದ ಆಡಳಿತ ವಿಭಾಗಗಳನ್ನು ಮಾಡಿತು. ಮೊದಲು ಅವು ಮುನ್ನೂರಕ್ಕೂ ಹೆಚ್ಚಿದ್ದವು. ಅದೇ ವರ್ಷದ ಕೊನೆಗೆ 75ಕ್ಕೆ ಇಳಿದವು. ಇಂದು 47 ಇವೆ. ಸನುಕಿ ಎಂಬ ಹಳೆಯ ಪ್ರಾಂತ್ಯ ಈಗ ಕಗಾವಾ. 1876ರಲ್ಲಿ ಕಗಾವಾವನ್ನು ನೆರೆಯ ಎಹಿಮೆಗೆ ಸೇರಿಸಿದರು, 1888ರಲ್ಲಿ ಅದು ಮತ್ತೆ ಬೇರೆಯಾಯಿತು. "ಹರಪನಹಳ್ಳಿ ಥರಾ" ಎಂದು ಮಕ್ಕಳು ಕೂಗಿದರು. ಹೋಲಿಕೆ ಪೂರ್ತಿ ಸರಿಯಲ್ಲ. ಕಗಾವಾ ತಾನೇ ಒಂದು ವಿಭಾಗವಾಯಿತು, ಹರಪನಹಳ್ಳಿ ಹಳೆಯ ಜಿಲ್ಲೆಗೆ ಮರಳಿತು. ಈ ವ್ಯತ್ಯಾಸವನ್ನು ಹಲಗೆಯ ಮೇಲೆ ಬರೆಸಿದೆ. ಸನುಕಿ ಎಂಬ ಹೆಸರು ಅಲ್ಲಿಯ ಉದೊನ್ ಎಂಬ ಶಾವಿಗೆಯಂಥ ತಿನಿಸಿನಲ್ಲಿ ಇಂದಿಗೂ ಉಳಿದಿದೆ ಎಂದಾಗ, ಒಬ್ಬಳು "ಹಡಗಲಿ ಮಲ್ಲಿಗೆ ಇದ್ದ ಹಾಗೆ" ಎಂದಳು. ಹಡಗಲಿ ಇನ್ನೂ ತಾಲ್ಲೂಕಿನ ಹೆಸರಾಗಿಯೇ ಇದೆ, ಆದರೂ ಜಿಲ್ಲೆ ಯಾವುದಾದರೂ ಹೂವು ಹಡಗಲಿಯದೇ ಎಂಬ ಅವಳ ಮಾತು ಸರಿ.

ಮೂರನೇ ಅವಧಿ: 1997ರ ನಿರ್ಧಾರ ತಪ್ಪೇ?

ತರಗತಿಯನ್ನು ಎರಡು ಗುಂಪು ಮಾಡಿದೆ. ಒಂದು ಗುಂಪು 1997ರಲ್ಲಿ ಕುಳಿತಿದೆ, ಇನ್ನೊಂದು 2013ರಲ್ಲಿ ಕುಳಿತಿದೆ. ಎರಡಕ್ಕೂ ಕೇಳುವ ಪ್ರಶ್ನೆ ಒಂದೇ: ಹರಪನಹಳ್ಳಿ ದಾವಣಗೆರೆಗೆ ಸೇರಿದ್ದು ಒಳ್ಳೆಯದೇ? ನಿಯಮವೂ ಒಂದೇ: ನಿಮ್ಮ ವರ್ಷದ ನಂತರ ನಡೆದ ಯಾವ ಸಂಗತಿಯನ್ನೂ ನೀವು ಬಳಸುವಂತಿಲ್ಲ.

1997ರ ಗುಂಪು ಬೇಗ ಉತ್ತರಿಸಿತು. ದಾರ ಚಿಕ್ಕದು, ಬಸ್ ಚಾರ್ಜು ಕಡಿಮೆ, ಒಂದೇ ದಿನದಲ್ಲಿ ಕಚೇರಿ ಕೆಲಸ ಮುಗಿಸಿ ಮರಳಬಹುದು, ಆಸ್ಪತ್ರೆಗೆ ಹೇಗೂ ಅಲ್ಲಿಗೇ ಹೋಗುತ್ತೇವೆ. 2013ರ ಗುಂಪಿನ ಉತ್ತರವೂ ಸಿದ್ಧವಿತ್ತು: ಬದುವಿನ ಆಚೆಯವರಿಗೆ ಸೀಟು ಮತ್ತು ಹುದ್ದೆಗಳಲ್ಲಿ ಮೀಸಲಾತಿ, ನಮಗಿಲ್ಲ. ಮಳೆ ಅದೇ, ಬರ ಅದೇ, ಹೊಲ ಅದೇ.

ಆಗ 2013ರ ಗುಂಪಿನವನೊಬ್ಬ ಎದುರಿನವರನ್ನು, "ಹಿಂಗಾಗುತ್ತೆ ಅಂತ ನಿಮಗೆ ಗೊತ್ತಾಗಲಿಲ್ವಾ?" ಎಂದು ಜೋರಾಗಿ ಕೇಳಿದ. 1997ರಲ್ಲಿ ಕುಳಿತಿದ್ದ ಹುಡುಗಿ, "ಹೆಂಗೆ ಗೊತ್ತಾಗ್ಬೇಕು? ಆ ಕಾನೂನು ಇನ್ನೂ ಹುಟ್ಟೇ ಇಲ್ಲ" ಎಂದಳು.

ಮನೆಯ ಜಗುಲಿಯ ಮೇಲೆ ವರ್ಷಗಟ್ಟಲೆ ನಡೆದ ವಾದದಲ್ಲಿ ನಾವು ಈ ಮಾತನ್ನು ಆಡಿರಲಿಲ್ಲ. 371ಜೆ ಬಂದದ್ದು 1997ರ ಹದಿನೈದು ವರ್ಷಗಳ ನಂತರ. ಗಡಿ ಎಳೆದವರ ಎದುರು ಆಗ ಇದ್ದ ಪ್ರಶ್ನೆ ದೂರ ಮತ್ತು ಆಡಳಿತದ ಅನುಕೂಲ. ನಮಗಾದ ನಷ್ಟಕ್ಕೆ 1997ರ ಗೆರೆಯೊಂದೇ ಕಾರಣವಲ್ಲ. ಹೊಸ ಹಕ್ಕನ್ನು 2012ರಲ್ಲಿ ಜಿಲ್ಲೆಯ ಗೆರೆಗೆ ಕಟ್ಟಿದ್ದರಿಂದ ಮತ್ತು ಆ ಹೊತ್ತಿಗೆ ನಾವು ಗೆರೆಯ ಈಚೆಗೆ ಇದ್ದುದರಿಂದ ನಷ್ಟವಾಯಿತು. ಎರಡು ಬೇರೆ ಕಾಲದ, ಬೇರೆ ಉದ್ದೇಶದ ನಿರ್ಧಾರಗಳು ಕೂಡಿದಾಗ ಯಾರೂ ಬಯಸದ ಪರಿಣಾಮ ಉಂಟಾಯಿತು. ಹಾಗೆಂದ ಮಾತ್ರಕ್ಕೆ ಅನ್ಯಾಯ ಆಗಲಿಲ್ಲವೆಂದು ಅರ್ಥವಲ್ಲ. ಅನ್ಯಾಯ ಆಯಿತು, ಅದನ್ನು ಸರಿಪಡಿಸಲು ಜನ ಹೋರಾಡಬೇಕಾಯಿತು. ಆದರೆ "ಮಾರಿಬಿಟ್ಟರು" ಎಂಬ ಮಾತಿಗೆ ನಮ್ಮ ಬಳಿ ಆಧಾರವಿಲ್ಲ.

ತರಗತಿಯಲ್ಲಿ ನಾನು ಅಣ್ಣನ ವಿಷಯ ಹೇಳಿದೆ. ಹೇಳಬೇಕೋ ಬೇಡವೋ ಎಂದು ಮೊದಲೇ ಮಾರ್ಗದರ್ಶಕರನ್ನು ಕೇಳಿದ್ದೆ. "ಹೇಳಿ, ಆದರೆ ತೀರ್ಪು ಮಕ್ಕಳಿಗೆ ಬಿಡಿ" ಎಂದಿದ್ದರು. ಹೇಳಿ ಮುಗಿಸಿದಾಗ ಮೂರು ಮಕ್ಕಳು ತಮ್ಮ ಮನೆಯಲ್ಲೂ ಹೀಗೇ ಆಗಿದೆ ಎಂದರು. ಒಬ್ಬನ ಅಕ್ಕ, ಇನ್ನಿಬ್ಬರ ಚಿಕ್ಕಪ್ಪಂದಿರು. ಮೊದಲ ದಿನ "ನಮಗೇನಾಯ್ತು?" ಎಂದು ಕೇಳಿದ ಹುಡುಗನ ಪ್ರಶ್ನೆಗೆ ಉತ್ತರ ಅವನ ಅಕ್ಕಪಕ್ಕದ ಬೆಂಚುಗಳಿಂದಲೇ ಬಂದಿತು.

ಕೊನೆಯಲ್ಲಿ 2021ರ ಪ್ರಶ್ನೆ ಇಟ್ಟೆ. ವಿಜಯನಗರ ಜಿಲ್ಲೆಯಾದಾಗ ಬಳ್ಳಾರಿಯಲ್ಲಿ ವಿಭಜನೆಗೆ ವಿರೋಧವಿತ್ತು. ಹರಪನಹಳ್ಳಿಯನ್ನೇ ಜಿಲ್ಲಾ ಕೇಂದ್ರ ಮಾಡಬೇಕೆಂಬ ಬೇಡಿಕೆಯೂ ಇತ್ತು. ಈ ನಿರ್ಧಾರ ಸರಿಯೇ? ಒಬ್ಬಳು, "ಇನ್ನೂ ಹೇಳೋಕಾಗಲ್ಲ ಮಿಸ್, ನಾವು ಈಗ ಅದರೊಳಗೇ ಇದೀವಿ" ಎಂದಳು. ಮೂರನೇ ಕಲಿಕಾ ಫಲ ಸಾಧನೆಯಾಗಿದೆ ಎನ್ನಲು ನನಗೆ ಆ ಉತ್ತರ ಸಾಕಾಯಿತು.

ಮೌಲ್ಯಮಾಪನ

ಲಿಖಿತ ಪರೀಕ್ಷೆಯಲ್ಲಿ ಇಸವಿ ತುಂಬುವ ಪ್ರಶ್ನೆಗಳನ್ನು ಕಡಿಮೆ ಮಾಡಿ ಈ ನಾಲ್ಕನ್ನು ಕೊಟ್ಟೆ.

1. 1953ರ ಅಕ್ಟೋಬರ್ ಮತ್ತು 1956ರ ನವೆಂಬರ್: ನಿನ್ನ ತಾಲ್ಲೂಕಿಗೆ ಸಂಬಂಧಿಸಿದಂತೆ ಇವುಗಳ ವ್ಯತ್ಯಾಸವೇನು?
2. 1955ರ ಶಿಫಾರಸು ಜಾರಿಯಾಗಿದ್ದರೆ ಇಂದಿನ ವಿಜಯನಗರ ಜಿಲ್ಲಾ ಕೇಂದ್ರ ಯಾವ ರಾಜ್ಯದಲ್ಲಿರುತ್ತಿತ್ತು?
3. ಕೊಟ್ಟೂರು ತಾಲ್ಲೂಕಾದಾಗ ಊರಿನಲ್ಲಿ ಏನು ಬದಲಾಯಿತು, ಏನು ಬದಲಾಗಲಿಲ್ಲ? ಎರಡೆರಡು ಉದಾಹರಣೆ ಕೊಡು.
4. 1997ರ ನಿರ್ಧಾರದ ಪರ ಒಂದು, ವಿರುದ್ಧ ಒಂದು ಕಾರಣ ಬರೆ. ಪ್ರತಿಯೊಂದೂ ಯಾವ ವರ್ಷದಲ್ಲಿ ತಿಳಿದದ್ದು ಎಂದು ಸೂಚಿಸು.

ಎರಡನೆಯ ಪ್ರಶ್ನೆಗೆ ಹೆಚ್ಚಿನವರು ಸರಿಯಾಗಿ ಉತ್ತರಿಸಿದರು. ಮೊದಲನೆಯದರಲ್ಲಿ ಹಲವರು ಎಡವಿದರು. ಏಕೀಕರಣವೆಂದರೆ 1956 ಎಂಬ ಪಠ್ಯದ ರೂಢಿ ಬಲವಾಗಿದೆ. ಮುಂದಿನ ಸಲ 1953ಕ್ಕೆ ಪ್ರತ್ಯೇಕ ಚಟುವಟಿಕೆ ಬೇಕು. ನಾಲ್ಕನೆಯದರಲ್ಲಿ ವರ್ಷ ಸೂಚಿಸುವ ಭಾಗವನ್ನು ಬಿಟ್ಟವರೂ ಇದ್ದರು, ಅವರಿಗೆ ಚರ್ಚೆಯನ್ನು ನೆನಪಿಸಿ ಮತ್ತೆ ಬರೆಸಿದೆ.

ಸಹಪಾಠಿಗಳಿಗೆ ಕೆಲವು ಸೂಚನೆಗಳು

ಮೊದಲನೆಯದಾಗಿ, ಈ ಪಾಠವನ್ನು ಹಾಗೆಯೇ ಬೇರೆ ತಾಲ್ಲೂಕಿಗೆ ಒಯ್ಯಬೇಡಿ. ಕೂಡ್ಲಿಗಿ ಅಥವಾ ಹಡಗಲಿಯ ಲಗ್ನಪತ್ರಿಕೆಗಳಲ್ಲಿ ದಾವಣಗೆರೆ ಸಿಗುವುದಿಲ್ಲ. ಅಲ್ಲಿಯ ಮಕ್ಕಳಿಗೆ 1953 ಮತ್ತು 2021 ಮುಖ್ಯವಾಗುತ್ತವೆ. ಕೊಟ್ಟೂರಿನಲ್ಲಿ ತಾಲ್ಲೂಕು ಕಚೇರಿ ಊರಿಗೇ ಬಂದದ್ದು ದೊಡ್ಡ ಸಂಗತಿ. ಹಗರಿಬೊಮ್ಮನಹಳ್ಳಿಯಲ್ಲಿ ಕೋಗಳಿಯಿಂದ ಪಾಠ ಆರಂಭಿಸಬಹುದು: ಒಂದು ಕಾಲದಲ್ಲಿ ನಾಡಿಗೆ ಹೆಸರು ಕೊಟ್ಟ ಊರು ಹಳ್ಳಿಯಾಗಿ ಉಳಿಯಿತು, ಹಳೆಯ ಪಟ್ಟಿಯಲ್ಲಿ ಇಲ್ಲದ ಊರು ತಾಲ್ಲೂಕು ಕೇಂದ್ರವಾಯಿತು.

ಎರಡನೆಯದಾಗಿ, ಚರ್ಚೆಯಲ್ಲಿ ಈಗಿನ ರಾಜಕಾರಣಿಗಳ ಹೆಸರು ಬಂದೇ ಬರುತ್ತದೆ. ಯಾರು ಮಾಡಿದರು ಎಂಬುದರಲ್ಲಿ ಸಿಕ್ಕಿಕೊಂಡರೆ ಏಕೆ, ಏನಾಯಿತು ಎಂಬುದಕ್ಕೆ ಸಮಯ ಉಳಿಯುವುದಿಲ್ಲ. ನಾನು ಹೆಸರುಗಳನ್ನು ಹಲಗೆಯ ಮೂಲೆಯಲ್ಲಿ ಬರೆದು ಪಕ್ಕಕ್ಕಿಟ್ಟೆ.

ಮೂರನೆಯದಾಗಿ, ನಿಮ್ಮ ಮನೆಯಲ್ಲಿ ಈ ವಿಷಯದ ಬಗ್ಗೆ ನೋವಿದ್ದರೆ ಪಾಠಯೋಜನೆ ಬರೆಯುವ ಮೊದಲು ಅದನ್ನು ಒಂದು ಹಾಳೆಯಲ್ಲಿ ಬರೆದಿಡಿ. ನಾನು ಬರೆದಿರಲಿಲ್ಲ. ಆದ್ದರಿಂದ ಮೊದಲ ಪಾಠದಲ್ಲಿ ನನ್ನ ನಂಬಿಕೆಯನ್ನು ಇಸವಿಗಳ ಹಿಂದೆ ಬಚ್ಚಿಟ್ಟು, ಅದನ್ನೇ ವಸ್ತುನಿಷ್ಠತೆ ಎಂದುಕೊಂಡಿದ್ದೆ.

ಇಂಟರ್ನ್‌ಶಿಪ್ ಮುಗಿದ ವಾರ ಮಕ್ಕಳು ಕಟ್ಟಿದ ಆಮಂತ್ರಣಗಳ ದಾರವನ್ನು ಮನೆಗೆ ತಂದು ಅಣ್ಣನಿಗೆ ತೋರಿಸಿದೆ. ಅವನು ಒಂದೊಂದೇ ಓದಿದ. 1997ರ ಗುಂಪಿನ ಹುಡುಗಿ ಹೇಳಿದ ಮಾತನ್ನೂ ಹೇಳಿದೆ. ಅವನು ಒಪ್ಪಲಿಲ್ಲ. "ಗೊತ್ತಿರಲಿಲ್ಲ ಅಂದ್ರೆ ಸರಿ, ಗೊತ್ತಾದ ಮೇಲೆ ಸರಿಮಾಡೋಕೆ ಯಾಕೆ ಅಷ್ಟು ವರ್ಷ ಬೇಕಾಯ್ತು?" ಎಂದು ಕೇಳಿದ. ಆ ಪ್ರಶ್ನೆಯನ್ನು ಪಾಠಯೋಜನೆಯ ಕೊನೆಯಲ್ಲಿ ಐದನೆಯದಾಗಿ ಸೇರಿಸಿದ್ದೇನೆ. ಮುಂದಿನ ತಂಡದ ಪ್ರಶಿಕ್ಷಣಾರ್ಥಿಗಳು ಅದನ್ನು ತರಗತಿಯಲ್ಲಿ ಕೇಳಿ ನೋಡಲಿ. ದಾರವನ್ನು ಶಾಲೆಗೆ ಹಿಂದಿರುಗಿಸಿದ್ದೇನೆ.